ಸೊಲ್ಲು ಕೊಟ್ಟವರು

ನಮ್ಮ ಮನೆಗೂ ಮುದ್ದಮ್ಮ ದೊಡ್ಡವ್ವನ ಮನೆಗೂ ಒಂದೇ ಗೋಡೆ. ಜನತಾ ಮನೆಗಳ ಸಾಲು ಕಟ್ಟಿದವರು ಎರಡು ಮನೆಗೆ ಒಂದು ಗೋಡೆ ಸಾಕೆಂದುಕೊಂಡರು. ಆ ಗೋಡೆಯನ್ನೂ ಹೆಂಚಿನವರೆಗೆ ಏರಿಸಲಿಲ್ಲ. ಮೇಲೆ ಒಂದು ಮೊಳ ಸಂದು ಉಳಿಯಿತು. ಆ ಸಂದಿನಿಂದ ಅವರ ಮನೆಯ ಒಗ್ಗರಣೆ ನಮ್ಮ ಮನೆಗೆ ಬರುತ್ತಿತ್ತು. ನಮ್ಮ ಬುಡ್ಡಿಯ ಬೆಳಕು ಅವರ ಮನೆಗೆ ಹೋಗುತ್ತಿತ್ತು. ಅವರ ಮನೆಯಲ್ಲಿ ಕೈ ಎದ್ದಾಗ ಅದರ ಸದ್ದೂ ಅಲ್ಲಿಂದಲೇ ಇಳಿಯುತ್ತಿತ್ತು.

ಸದ್ದು ಬಂದಾಗ ನನ್ನವ್ವ ವನಜಾಕ್ಷಿ ಪಾತ್ರೆ ತಿಕ್ಕಲು ಕೂರುತ್ತಿದ್ದಳು. ತಿಕ್ಕಿ ಕವುಚಿಟ್ಟಿದ್ದ ತಪ್ಪಲೆಯನ್ನೇ ಮತ್ತೆ ತೆಗೆದು, ತೆಂಗಿನ ನಾರಿಗೆ ಬೂದಿ ಹಚ್ಚಿ, ಮನೆಯೆಲ್ಲ ಕೇಳುವಂತೆ ತಿಕ್ಕುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿದರೆ, "ಅತ್ಲಾಗೇನು ನೋಡೀಯೆ, ಮಗ್ಗಿ ಯೋಳು" ಎನ್ನುತ್ತಿದ್ದಳು. ನನಗೆ ಹತ್ತೊಂಬತ್ತರ ಮಗ್ಗಿಯವರೆಗೂ ತಪ್ಪಿಲ್ಲದೆ ಬರುತ್ತದೆ.

ಮುದ್ದಮ್ಮ ದೊಡ್ಡವ್ವ ಹೆಮ್ಮಿಗೆಯವಳು. ನಾಲೆ ನೀರಿನ ಊರು, ಭತ್ತದ ಊರು. ಹತ್ತು ವರ್ಷಕ್ಕೇ ನಾಟಿ ಹಾಕುವ ಹೆಂಗಸರ ಸಾಲಿಗೆ ಸೇರಿ, ಕೆಸರಿನಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತ ಪದ ಹೇಳುವುದನ್ನು ಕಲಿತವಳು. ಎಂಬತ್ತೊಂದರಲ್ಲಿ ಮದುವೆಯಾಗಿ ತಗಡೂರಿಗೆ ಎರಡು ಮೈಲಿ ದೂರದ ನಮ್ಮೂರಿಗೆ ಬಂದಳು. ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದಳು, ಪದಗಳನ್ನು ತಂದಿದ್ದಳು. ಪೆಟ್ಟಿಗೆ ತುಕ್ಕು ಹಿಡಿಯಿತು.

ಗಂಡ ಚಿಕ್ಕಮಾದು ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಎಂಟು ಗಂಟೆಯ ಬಸ್ಸು. ಕುಡಿಯುತ್ತಿರಲಿಲ್ಲ. ಬೀಡಿ ಸೇದುತ್ತಿರಲಿಲ್ಲ. ಊರಿನಲ್ಲಿ ಯಾರಿಗೆ ವೃದ್ಧಾಪ್ಯ ವೇತನದ ಅರ್ಜಿ ಬರೆಸಬೇಕು, ಯಾರಿಗೆ ಜಾತಿ ಸರ್ಟಿಫಿಕೇಟ್ ಬೇಕು, ಎಲ್ಲರೂ ಅವನ ಹತ್ತಿರ ಬರುತ್ತಿದ್ದರು. ಅವನು ನಗುನಗುತ್ತ ಮಾಡಿಕೊಡುತ್ತಿದ್ದ. ದೊಡ್ಡವ್ವನ ಕಷ್ಟವೇ ಅದಾಗಿತ್ತು. ಕುಡುಕನ ಹೆಂಡತಿಯ ಮಾತನ್ನು ಊರು ನಂಬುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ, ಸ್ನಾನದ ನೀರು ತಣ್ಣಗಾದರೆ ಕೈ ಎತ್ತುವ ಒಳ್ಳೆಯ ಮನುಷ್ಯನ ಹೆಂಡತಿಯನ್ನು ಯಾರು ನಂಬುತ್ತಾರೆ?

"ಅವ್ನು ಸುಮ್ನೆ ಒಡಿಯೋನಲ್ಲ ಕನಮ್ಮಿ, ನೀನೇ ಏನೋ ಅಂದಿರ್ಬೇಕು" ಎಂದು ಹಿರಿಯ ಹೆಂಗಸರು ಅವಳ ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಲೇ ಹೇಳುತ್ತಿದ್ದರು.

ಪದ ಹೇಳಿದ್ದಕ್ಕೆ ಮಾತ್ರ ಅವನು ಬಹಳ ವರ್ಷ ಹೊಡೆಯಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಯಾರ ಮನೆಯ ಮದುವೆಯಾದರೂ ಎಲೆಅಡಿಕೆ ಇಟ್ಟು ಮುದ್ದಮ್ಮನನ್ನು ಕರೆಯುತ್ತಿದ್ದರು. ಜೊತೆಗೆ ಅವನಿಗೂ ಚಪ್ಪರದಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗುತ್ತಿತ್ತು.

ಅವಳಿಗೆ ಹೆಸರು ಬಂದದ್ದು ಬೀಗರ ಪದಕ್ಕೆ. ಮದುವೆಯಾದ ಮೂರನೆಯ ದಿನ ಗಂಡಿನ ಊರಿನಲ್ಲಿ ಬೀಗರೂಟ. ಗಂಡಸರು ಪಂಕ್ತಿಯಲ್ಲಿ ಕೂತು ಮಾಂಸದೂಟ ಮಾಡುವಾಗ ಎರಡೂ ಕಡೆಯ ಹೆಂಗಸರು ಎದುರಾಬದುರು ನಿಂತು ಬೀಗರನ್ನು ಪದದಲ್ಲಿ ಹಂಗಿಸುತ್ತಾರೆ. ಮೀಸೆಯನ್ನು, ಹೊಟ್ಟೆಯನ್ನು, ಜಿಪುಣತನವನ್ನು, ಕೆಲವೊಮ್ಮೆ ಇಲ್ಲಿ ಬರೆಯಲಾಗದ್ದನ್ನೂ. ಬೈಸಿಕೊಂಡವರು ನಗಬೇಕು. ಸಿಟ್ಟು ಮಾಡಿಕೊಂಡವನು ಆ ಪಂಕ್ತಿಯ ಎಂಜಲೆಲೆಯನ್ನೆಲ್ಲ ತಾನೇ ಎತ್ತಬೇಕು. ನಮ್ಮಲ್ಲಿ ಎಲೆ ಎತ್ತುವುದು ಹೆಂಗಸರ ಕೆಲಸ. ಆದ್ದರಿಂದ ಗಂಡಸರು ಎಷ್ಟು ಉರಿದರೂ ಹಲ್ಲು ಬಿಟ್ಟುಕೊಂಡೇ ಇರುತ್ತಿದ್ದರು.

ಬೀಗ ಬಂದ ಬೀಗ ಬಂದ ಮೀಸೆ ತಿರುವಿಕೊಂಡು
ಮೀಸೆ ತುಂಬ ಪಾಯಸ ಅಂಟಿಸಿಕೊಂಡು
ಮೀಸೆಗೂ ಆಸೆಗೂ ಕೊನೆಯಿಲ್ಲವೋ
ನಗು ಬೀಗ ನೀ ನಗು ಬೀಗ

ಕೊನೆಯ ಸಾಲು ಸೊಲ್ಲು. ಪದ ಎತ್ತುವವಳು ಒಬ್ಬಳು, ಸೊಲ್ಲು ಕೊಡುವವರು ಉಳಿದವರು. ಸೊಲ್ಲಿಲ್ಲದೆ ಒಬ್ಬಳೇ ಹೇಳಿಕೊಂಡದ್ದನ್ನು ನಮ್ಮಲ್ಲಿ ಪದ ಎನ್ನುವುದಿಲ್ಲ. ಗೋಳು ಎನ್ನುತ್ತಾರೆ.

ತೊಂಬತ್ತೇಳರಲ್ಲಿ ಚಿಕ್ಕಮಾದುವಿನ ಅಣ್ಣನ ಮಗ ರವಿಕುಮಾರನಿಗೆ ಸೋಸಲೆಯಿಂದ ಹೆಣ್ಣು ತಂದರು. ನನಗೆ ಒಂಬತ್ತು ವರ್ಷ. ಮದುವೆಗೆ ನಾಲ್ಕು ದಿನ ಮುಂಚೆ ದೊಡ್ಡವ್ವ ಮಧ್ಯಾಹ್ನ ತಟ್ಟೆ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದಾಗ ಚಿಕ್ಕಮಾದು ಅವಳ ಎಡಗಿವಿಯ ಮೇಲೆ ಹೊಡೆದ. ಮದುವೆಗೆ ಉಡಬೇಕಿದ್ದ ಪಂಚೆಯನ್ನು ಅಗಸರಿಂದ ತರಿಸಿರಲಿಲ್ಲ, ಅಷ್ಟೇ. ಅವ್ವ ಪಾತ್ರೆ ತಿಕ್ಕಿದಳು. ನಾನು ಮಗ್ಗಿ ಹೇಳಿದೆ. ಸಂಜೆ ನೀರಿಗೆ ಹೋದಾಗ ದೊಡ್ಡವ್ವ ಅವ್ವನಿಗೆ, "ವನಜಾಕ್ಷಿ, ಈ ಕಡೆ ಬಂದು ಮಾತಾಡು. ಆ ಕಡೆ ಏನೂ ಕೇಳಾಕಿಲ್ಲ, ಬರೀ ಜೀರುಂಡೆ ಕೂಗ್ತದೆ" ಎಂದಳು. ಆ ಜೀರುಂಡೆ ಮತ್ತೆಂದೂ ನಿಲ್ಲಲಿಲ್ಲ.

ಬೀಗರೂಟದ ದಿನ ಸೋಸಲೆಯಿಂದ ಎರಡು ಟೆಂಪೋ ತುಂಬ ಜನ ಬಂದರು. ಮಾರಿಗುಡಿಯ ಮುಂದೆ ಚಪ್ಪರ. ಬಾಳೆಲೆಯ ಮೇಲೆ ಮುದ್ದೆ, ಸಾರು, ಅನ್ನ. ಚಿಕ್ಕಮಾದು ಬೀಗರ ಪಕ್ಕದಲ್ಲೇ ಕೂತು, "ಇನ್ನೊಂದು ಪೀಸು ಆಕ್ರಪ್ಪ ಬೀಗರಿಗೆ" ಎಂದು ಉಪಚಾರ ಮಾಡುತ್ತಿದ್ದ. ಸೋಸಲೆಯ ಹೆಂಗಸರು ಪದ ಎತ್ತಿ ನಮ್ಮೂರಿನ ಗಂಡಸರನ್ನು ಚೆನ್ನಾಗಿ ತೊಳೆದರು. ಉತ್ತರ ಕೊಡಬೇಕಾದವಳು ದೊಡ್ಡವ್ವ. ಅವ್ವ, ಇನ್ನೂ ಏಳೆಂಟು ಹೆಂಗಸರು ಅವಳ ಹಿಂದೆ ಸೊಲ್ಲು ಕೊಡಲು ನಿಂತಿದ್ದರು.

ಮೊದಲ ಎರಡು ಪದ ವಾಡಿಕೆಯಂತೆ ಸೋಸಲೆಯವರ ಮೇಲೆ. ಎಲ್ಲರೂ ನಕ್ಕರು. ಮೂರನೆಯದಕ್ಕೆ ಅವಳು ಬೀಗರ ಕಡೆಯಿಂದ ತಿರುಗಿ, ಅರಿಶಿನದ ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಹೊಸ ಹೆಣ್ಣಿನ ಮುಂದೆ ಹೋಗಿ ನಿಂತಳು.

ಬಲಗೈಲಿ ತಾಳಿಯ ಕಟ್ಟೋರು ಮಗಳೆ
ಅದೆ ಕೈಲಿ ಬೆನ್ನ ಬಡಿಯೋರು
ಬೆರಳೆಷ್ಟು ಕೈಗೆಂದು ಕೇಳಬ್ಯಾಡ ಮಗಳೆ
ನನ ಕೆನ್ನೆ ಮ್ಯಾಲೆ ಎಣಿಸಿಕೊ
ನಗು ಬೀಗ ನೀ ನಗು ಬೀಗ

ಸೊಲ್ಲು ಬರಲಿಲ್ಲ. ನಮ್ಮೂರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ನೆಲ ನೋಡಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಆಗ ಎದುರಿಗಿದ್ದ ಸೋಸಲೆಯ ಹೆಂಗಸರಲ್ಲಿ ಒಬ್ಬಳು, ಹೊಸ ಹೆಣ್ಣಿನ ಸೋದರತ್ತೆಯಂತೆ, ಗಂಟಲು ಸರಿಮಾಡಿಕೊಂಡು ಸೊಲ್ಲು ಕೊಟ್ಟಳು. ಅವಳ ಹಿಂದೆ ಸೋಸಲೆಯವರೆಲ್ಲ ಕೊಟ್ಟರು. ಎದುರು ಪಕ್ಷದ ಪದಕ್ಕೆ ಸೊಲ್ಲು ಕೊಟ್ಟದ್ದನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ.

ಉಳುವಾಗ ಎತ್ತಿಗೂ ಹೊಡೆದಾರು ಮಗಳೆ
ಮೇಯುವಾಗ ಎತ್ತ ಹೊಡೆಯರು
ಉಣ್ಣೋಳ ಹೊಡೆದೋನ ಹೆಸರೇನು ಕೇಳೆ
ಚಿಕ್ಕಮಾದು ಅಂತ ಕರೆದಾರು
ನಗು ಬೀಗ ನೀ ನಗು ಬೀಗ

ಹದಿನಾರು ವರ್ಷದ ಸಂಸಾರದಲ್ಲಿ ಅವಳು ಗಂಡನ ಹೆಸರು ಹೇಳಿದ್ದು ಅದೇ ಮೊದಲು. ಸೊಲ್ಲು ಮುಗಿಯುವಷ್ಟರಲ್ಲಿ ಚಿಕ್ಕಮಾದು ಎಲೆ ದಾಟಿ ಬಂದಿದ್ದ. ಎಂಜಲು ಕೈಯಲ್ಲೇ ಹೊಡೆದ. ಅವಳ ಕೆನ್ನೆಗೆ ಅನ್ನದ ಅಗುಳು ಅಂಟಿಕೊಂಡಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ತಿರುಗಿ ಯಜಮಾನ ರಾಮಯ್ಯನವರನ್ನು ನೋಡಿದಳು.

ರಾಮಯ್ಯ ನಮ್ಮ ಬೀದಿಯ ಯಜಮಾನರು. ಜಗಳ, ಬೇಲಿ, ಗಂಡಹೆಂಡಿರನ್ನು ಬಿಡಿಸುವ ಸೋಡಾಚೀಟಿ, ಎಲ್ಲದರ ನ್ಯಾಯ ಹೇಳುವವರು. ಹೆಂಡತಿಗೆ ಹೊಡೆದದ್ದಕ್ಕೆ ಅವರೆಂದೂ ನ್ಯಾಯ ಸೇರಿಸಿದ್ದಿಲ್ಲ. ಆದರೆ ಬೀಗರ ಎದುರು ಊರಿನ ಮರ್ಯಾದೆ ಹೋಗಿತ್ತು. ಅವರು ಊಟ ಬಿಟ್ಟು ಎದ್ದು ನಿಂತರು.

"ಏನ್ಲಾ ಚಿಕ್ಕಮಾದು, ಪದಕ್ಕೆ ಕೈ ಎತ್ತಿದ್ಯಲ್ಲ?"

"ಅವಳು ನನ್ನ ಎಂಡ್ತಿ ಯಜಮಾನ್ರೆ."

"ಎಂಡ್ತಿ ಮನೇಲಿ ಕನಪ್ಪ. ಇಲ್ಲಿ ಪದದೋಳು. ಓದ್ದೋನು ನೀನು, ಕಚೇರಿ ಕಂಡೋನು. ಸೋಸಲೆಯೋರು ಊರಿಗೋಗಿ ಏನಂತ ಯೋಳಾರು?"

ಸೋಸಲೆಯ ಹಿರಿಯನೊಬ್ಬ ಎಲೆಯ ಮುಂದಿನಿಂದಲೇ, "ಇನ್ನೂ ಏನೂ ಯೋಳಿಲ್ಲ ಬುಡಿ, ಮಜ್ಜಿಗೆ ಬರ್ಲಿ ಅಂತ ಕಾಯ್ತಾ ಇದ್ದೀವಿ" ಎಂದ. ಯಾರೋ ನಕ್ಕರು. ಆ ನಗುವೇ ರಾಮಯ್ಯನವರಿಗೆ ಚುಚ್ಚಿರಬೇಕು. ತಾಂಬೂಲದ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದುಕೊಂಡು ಗಟ್ಟಿಯಾಗಿ ಹೇಳಿದರು:

"ಪದ ಯೋಳೋ ಎಂಗಸಿನ ಮ್ಯಾಲೆ ಯಾವ ಗಂಡಸೂ ಕೈ ಮಾಡಂಗಿಲ್ಲ. ಮಾಡಿದೋನು ಎಂಜ್ಲೆಲೆ ಎತ್ತಬೇಕು. ಇದು ಕುಲದ ಮಾತು."

ಎಲೆಯ ತೊಟ್ಟು ಮುರಿದರು. ತೊಟ್ಟು ಮುರಿದರೆ ಮಾತು ಮುಗಿದಂತೆ. ಅದನ್ನು ಆಡಿದವರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಸಿಟ್ಟಿನಲ್ಲಿ ಅವರು 'ಬೀಗರೂಟದಲ್ಲಿ' ಎಂದು ಸೇರಿಸುವುದನ್ನು ಮರೆತಿದ್ದರು. ಅದನ್ನು ಗಮನಿಸಿದವಳು ಒಬ್ಬಳೇ.

"ಯಜಮಾನ್ರೆ, ಇನ್ನೊಂದ್ಸಲ ಯೋಳಿ" ಎಂದಳು ದೊಡ್ಡವ್ವ. "ನಂಗೆ ಎಡಗಿವಿ ಕೇಳಾಕಿಲ್ಲ."

ರಾಮಯ್ಯ ಇನ್ನೂ ಗಟ್ಟಿಯಾಗಿ ಹೇಳಿದರು. ಈ ಸಲ ಅಡುಗೆ ಒಲೆಯ ಹತ್ತಿರವಿದ್ದವರಿಗೂ, ಗುಡಿಯ ಹಿಂದೆ ಆಡುತ್ತಿದ್ದ ಮಕ್ಕಳಿಗೂ ಕೇಳಿಸಿತು.

ಆ ಮಧ್ಯಾಹ್ನ ಚಿಕ್ಕಮಾದು ಬಿಳಿ ಅಂಗಿಯ ತೋಳು ಮಡಿಸಿ ನೂರ ನಲವತ್ತು ಎಂಜಲೆಲೆ ಎತ್ತಿದ. ಮೂಳೆ, ಚೆಲ್ಲಿದ ಸಾರು, ಅರ್ಧ ತಿಂದ ಮುದ್ದೆ. ಹೇಗೆ ಮಡಿಸಬೇಕೆಂದು ಗೊತ್ತಿಲ್ಲದೆ ಸಾರನ್ನು ಮೈಮೇಲೆ ಚೆಲ್ಲಿಕೊಂಡ. ಒಬ್ಬ ಮುದುಕಿ, "ಆ ಮೂಲೇಲೊಂದು ಬುಟ್ಟಿದ್ದೀಯ ಕಲಾ" ಎಂದು ತೋರಿಸಿದಳು. ದೊಡ್ಡವ್ವ ನಗಲಿಲ್ಲ. ಕಂಬಕ್ಕೆ ಒರಗಿ ನಿಂತು ಕೊನೆಯ ಎಲೆಯವರೆಗೂ ನೋಡಿದಳು.

ಇನ್ನು ಅವನು ಅವಳನ್ನು ಉಳಿಸುವುದಿಲ್ಲ ಎಂದು ಊರೆಲ್ಲ ಅಂದುಕೊಂಡಿತು. ಹೆಮ್ಮಿಗೆಯಿಂದ ಅವಳ ಅಣ್ಣ ಬಂದ. "ಬಾ ಮಗಳ ಕರ್ಕೊಂಡು, ಅಲ್ಲೇ ನಾಟಿ ಕೂಲಿ ಮಾಡ್ಕೊಂಡಿರು" ಎಂದು ಕರೆದ. ಮಗಳು ಕೋಮಲ, ಆಗ ಹನ್ನೆರಡು ವರ್ಷದವಳು, ಬಟ್ಟೆಯನ್ನೂ ಕಟ್ಟಿಕೊಂಡಿದ್ದಳು.

"ಮನೆ ಅಕ್ಕುಪತ್ರ ನನ್ನೆಸ್ರಲ್ಲದೆ ಕನಣ್ಣ" ಎಂದಳು ದೊಡ್ಡವ್ವ. "ಓಗೋದಾದ್ರೆ ಅವ್ನು ಓಗ್ಲಿ."

ಅಣ್ಣ ಕಾಫಿ ಕುಡಿದು ಹೋದ.

ಏಳು ದಿನ ಚಿಕ್ಕಮಾದು ಮಾತಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ, ಬಸ್ಸಿನ ಹೊತ್ತಿಗೆ, ಗೋಡೆಯ ಆಚೆ ಅವನ ದನಿ ಏರಿತು. ಅಂಗಿಗೆ ಇಸ್ತ್ರಿ ಸರಿಯಾಗಿ ಬಿದ್ದಿರಲಿಲ್ಲ. ಏನೋ ಬಿದ್ದ ಸದ್ದು. ಅವ್ವ ಅಭ್ಯಾಸದಂತೆ ತಪ್ಪಲೆಗೆ ಕೈ ಹಾಕಿದಳು. ನಾನು ಹದಿಮೂರರ ಮಗ್ಗಿ ಎತ್ತಿದೆ. ಆಗ ಸಂದಿನಿಂದ ಪದ ಬಂತು.

ಎಂಟು ಗಂಟೆ ಬಸ್ಸಿಗೆ ಓಗೋನೆ ಬೀಗ
ಅಂಗೀಯ ಮಡಿಕೆ ಕೆಟ್ಟಾವೊ
ಅಂಗೀಯ ಮಡಿಕೆಗೆ ಇಸ್ತ್ರೀಯ ಹಾಕೇನು
ಮುರಿದ ಮೂಳೆಗೇನ ಹಾಕೀಯೊ
ನಗು ಬೀಗ ನೀ ನಗು ಬೀಗ

ಮದುವೆ ಚಪ್ಪರದ ದನಿಯಲ್ಲ. ಉಸಿರು ಕಟ್ಟಿಕೊಂಡು, ನಡುವೆ ಒಡೆದು, ಆದರೂ ರಾಗ ಬಿಡದ ದನಿ. ಚಿಕ್ಕಮಾದು ಪದ ಮುಗಿಯುವವರೆಗೆ ಕೇಳಿದ. ಆಮೇಲೆ ನಕ್ಕ. ನನಗೆ ಅವನ ಹೊಡೆತಕ್ಕಿಂತ ಆ ನಗು ಹೆಚ್ಚು ನೆನಪಿದೆ.

"ಸೊಲ್ಲು ಯಾರಮ್ಮಿ ಕೊಟ್ರು? ಎಲ್ಲಿ ನಿನ್ನ ಸೋಸಲೆಯೋರು? ಸೊಲ್ಲಿಲ್ದೆ ಒದರೋದು ಪದವಾ? ಓಗು, ಯಜಮಾನ್ರನ್ನೇ ಕೇಳ್ಕೊಂಡ್ ಬಾ."

ಅವನ ಮಾತು ಸರಿಯಾಗಿತ್ತು. ಸೊಲ್ಲಿಲ್ಲದ್ದು ಗೋಳು. ಗೋಳಿಗೆ ಯಾವ ಯಜಮಾನನೂ ತೊಟ್ಟು ಮುರಿದಿರಲಿಲ್ಲ.

ಅವ್ವನ ಕೈ ತಪ್ಪಲೆಯ ಮೇಲೆ ನಿಂತಿತು. ಬೂದಿ ಮೆತ್ತಿದ ನಾರು ಕೈಯಲ್ಲೇ ಇತ್ತು. ಅವಳು ಗೋಡೆಯನ್ನು ನೋಡಲಿಲ್ಲ. ತಪ್ಪಲೆಯ ಒಳಗೆ ನೋಡುತ್ತ, ಅದರ ಒಳಗೇ ಹೇಳುವಂತೆ, "ನಗು ಬೀಗ" ಎಂದಳು. ದನಿ ಹೊರಡಲಿಲ್ಲ. ತಲೆ ಎತ್ತಿ, ಸಂದಿನ ಕಡೆ ಮುಖ ಮಾಡಿ ಮತ್ತೆ ಹೇಳಿದಳು: "ನಗು ಬೀಗ ನೀ ನಗು ಬೀಗ."

ಅವ್ವನಿಗೆ ರಾಗವಿಲ್ಲ. ಲಾಲಿ ಹಾಡಿದರೂ ಮಕ್ಕಳು ಏಳುತ್ತವೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಆದರೆ ಆ ಬೆಳಿಗ್ಗೆ ಅವಳ ಒಡಕು ದನಿ ಸಾಲಿನ ಮೂರನೆಯ ಮನೆಯವರೆಗೂ ಹೋಯಿತು. ಅಲ್ಲಿಂದ ಯಾರೋ ಸೊಲ್ಲು ತೆಗೆದುಕೊಂಡರು. ಎದುರು ಮನೆಯ ಜಗಲಿಯಿಂದ ಇನ್ನೊಬ್ಬರು. ಆಚೆ ಮನೆಯ ಬಾಗಿಲು ತೆರೆದ ಸದ್ದು, ಚಪ್ಪಲಿಯ ಸದ್ದು. ಚಿಕ್ಕಮಾದು ಸುಕ್ಕು ಬಿದ್ದ ಅಂಗಿಯಲ್ಲೇ, ಯಾರನ್ನೂ ನೋಡದೆ ಬಸ್ಸಿಗೆ ಹೋದ.

ನನ್ನಪ್ಪ ಕೈ ಎತ್ತುತ್ತಿರಲಿಲ್ಲ ಎಂದು ಬರೆಯಲು ನನಗೆ ಆಸೆ. ವರ್ಷಕ್ಕೆ ಒಂದೋ ಎರಡೋ ಸಲ ಎತ್ತುತ್ತಿದ್ದ. ಆ ಸಂಜೆ ಕೆಲಸದಿಂದ ಬಂದವನು ಕೇಳಿದ, "ಬೆಳಿಗ್ಗೆ ಯಾರೋ ಸೊಲ್ಲು ಕೊಟ್ರಂತೆ?"

"ನಾನೇ" ಎಂದಳು ಅವ್ವ.

"ನಿಂಗೆಲ್ಲಿ ಬಂತು ಗಂಟ್ಲು?"

"ಬಂತು."

ಅವಳು ಮುದ್ದೆ ಬಡಿಸಿದಳು. ಅವನು ತಿಂದ. ಆಮೇಲೆ ನಮ್ಮ ಮನೆಯಲ್ಲಿ ಆ ವಿಷಯ ಏಳಲಿಲ್ಲ. ಕೈಯೂ ಏಳಲಿಲ್ಲ.

ವಾರದೊಳಗೆ ಗಂಡಸರು ರಾಮಯ್ಯನವರ ಜಗಲಿಗೆ ಹೋದರು. ಕುಲದ ಮಾತು ಮದುವೆಗೆ ಮಾತ್ರ ಎಂದು ಇನ್ನೊಂದು ಮಾತು ಸೇರಿಸಿಬಿಡಿ ಎಂದರು. ರಾಮಯ್ಯ ಬಹಳ ಹೊತ್ತು ಅಡಿಕೆ ಅಗಿದರು.

"ತೊಟ್ಟು ಮುರ್ದಾಯ್ತಲ್ರಪ್ಪ. ಮುರ್ದ ತೊಟ್ಟ ಅಂಟಿಸಾಕ್ ಆಯ್ತದಾ?"

"ಯಜಮಾನ್ರೆ, ಈಗ ಎಲ್ಲರ ಮನೇಲೂ ಪದ ಸುರು ಆಯ್ತದೆ."

ಒಳಗಿನಿಂದ ಅವರ ಹೆಂಡತಿ ದೇವೀರಮ್ಮ, ಕಾಣಿಸಿಕೊಳ್ಳದೆ, ರಾಗವಾಗಿ ಕೇಳಿದಳು: "ಅಡ್ಕೆ ಅಗಿಯೋ ಬೀಗಣ್ಣ, ಬಾಯಲ್ಲಿ ಅಲ್ಲು ಐತೇನಣ್ಣ." ಸೊಲ್ಲಿಗೆ ಸೊಸೆ ಸಿದ್ಧಳಿದ್ದಳು. ಜಗಲಿಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ರಾಮಯ್ಯ ತಮ್ಮ ಬಾಯಿಂದ ಬಂದ ಮಾತಿಗೆ ತಾವೇ ಸಿಕ್ಕಿಕೊಂಡರು ಎಂದು ಊರು ಬಹಳ ದಿನ ನಕ್ಕಿತು. ಅವರೂ ನಕ್ಕರು, ನಗಲೇಬೇಕಿತ್ತು.

ಪದದಿಂದ ಎಲ್ಲವೂ ನಿಂತಿತು ಎಂದರೆ ಸುಳ್ಳಾಗುತ್ತದೆ. ಚಿಕ್ಕಮಾದು ಆಮೇಲೂ ಎರಡು ಸಲ ಹೊಡೆದ. ಎರಡು ಸಲವೂ ಹೆಂಗಸರು ಅವನ ಬಾಗಿಲಿಗೆ ಎಂಜಲೆಲೆಯ ಬುಟ್ಟಿ ತಂದಿಟ್ಟರು, ಎರಡು ಸಲವೂ ಅವನು ಅದನ್ನು ತಲೆ ತಗ್ಗಿಸಿ ತಿಪ್ಪೆಗೆ ಹೊತ್ತ. ಮೂರನೆಯ ಸಲ ಬರಲಿಲ್ಲ. ಸಾಲಿನ ಕೊನೆಯ ಮನೆಯವನು ಕೈ ಎತ್ತುವ ಮುಂಚೆ ಟೇಪ್ ರೆಕಾರ್ಡರ್ ಜೋರಾಗಿ ಹಾಕುತ್ತಿದ್ದ. ಆ ಮನೆಯ ಪದ ಯಾರಿಗೂ ಕೇಳಿಸಲಿಲ್ಲ, ಅವನ ಹೆಂಡತಿ ಒಂದು ದಿನ ಮಗುವನ್ನು ಎತ್ತಿಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ದೊಡ್ಡವ್ವ ಅದನ್ನು ತನ್ನ ತಪ್ಪೆಂದೇ ಹೇಳಿಕೊಳ್ಳುತ್ತಿದ್ದಳು. "ಇರೋದೊಂದು ಕಿವಿ. ಅದ್ನಾದ್ರೂ ಅತ್ಲಾಗೆ ಇಟ್ಟಿರ್ಬೇಕಿತ್ತು."

ಚಿಕ್ಕಮಾದು ಬರಬರುತ್ತ ನಂಜನಗೂಡಿನಲ್ಲೇ ಒಂದು ರೂಮು ಮಾಡಿಕೊಂಡ. ವಾರಕ್ಕೊಮ್ಮೆ ಬಂದು, ಜಗಲಿಯಲ್ಲಿ ಕೂತು, ಕೊಟ್ಟದ್ದನ್ನು ಉಂಡು ಹೋಗುತ್ತಿದ್ದ. ತಪ್ಪಾಯಿತು ಎಂದು ಅವನು ಹೇಳಿದ್ದನ್ನು ಯಾರೂ ಕೇಳಿಲ್ಲ.

ನಾನು ನಂಜನಗೂಡಿನಲ್ಲಿ ಬಿ.ಎ. ಸೇರಿದ ವರ್ಷ ದೊಡ್ಡವ್ವನ ಪದಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ನಮ್ಮ ಕನ್ನಡ ಮೇಷ್ಟರಿಗೆ ತೋರಿಸಿದೆ. ಅವರು ಒಳ್ಳೆಯವರು. ಕೆಂಪು ಶಾಯಿಯಲ್ಲಿ ತಿದ್ದಿ, ಹೆಸರುಗಳನ್ನು ತೆಗೆದು, ಮುರಿದ ಮೂಳೆಯ ಜಾಗದಲ್ಲಿ 'ನೊಂದ ಮನಸು' ಎಂದು ಬರೆದು ಕೊಟ್ಟರು. ತಿದ್ದಿದ್ದನ್ನು ದೊಡ್ಡವ್ವನಿಗೆ ಓದಿ ಹೇಳಿದೆ. ಬಲಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡಳು.

"ಚೆನ್ನಾಗದೆ" ಎಂದಳು. "ಯಾರ ಮನೆ ಪದ ಇದು?"

ಆ ಪುಟ ಹರಿದೆ.

ಅದೇ ವರ್ಷ, ಎರಡು ಸಾವಿರದ ಆರರಲ್ಲಿ, ಒಂದು ಭಾನುವಾರ ಕೋಮಲಕ್ಕನ ಫೋನು ಬಂತು. ಅವಳನ್ನು ಎರಡು ವರ್ಷದ ಹಿಂದೆ ಟಿ. ನರಸೀಪುರಕ್ಕೆ ಕೊಟ್ಟಿದ್ದರು. ಗಂಡ ಜಗನ್ ಪಂಪ್‌ಸೆಟ್ ರಿಪೇರಿಯವನು. ಫೋನು ಇದ್ದದ್ದು ನಮ್ಮ ಮನೆಯಲ್ಲಿ. ದೊಡ್ಡವ್ವ ಬಂದು ಬಲಗಿವಿಗೆ ಹಿಡಿದಳು. ಊಟ ಆಯ್ತಾ, ಮಳೆ ಬಂತಾ ಎಂದು ಮಾತು ನಡೆಯಿತು. ಆಮೇಲೆ ಕೋಮಲಕ್ಕ, "ತಡಿಯವ್ವ, ಆ ಕಡೆ ಕಿವಿಗೆ ಇಟ್ಕೊತೀನಿ, ಈ ಕಿವಿ ಗುಂಯ್ ಅಂತದೆ" ಎಂದಳಂತೆ.

ದೊಡ್ಡವ್ವ ಫೋನು ಇಟ್ಟಳು. ತನ್ನ ಎಡಗಿವಿ ಮುಟ್ಟಿಕೊಂಡು ಅವ್ವನ ಕಡೆ ತಿರುಗಿದಳು.

"ವನಜಾಕ್ಷಿ, ಸೀರೆ ಬದಲಾಯ್ಸು."

ಐದು ಜನ ಹೊರಟೆವು. ದೊಡ್ಡವ್ವ, ಅವ್ವ, ಯಜಮಾನರ ಮನೆಯ ದೇವೀರಮ್ಮ, ಅವರ ಸೊಸೆ, ವಿಳಾಸ ಓದಲು ನಾನು. ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದಾಗ ಕಂಡಕ್ಟರ್, "ಏನ್ರವ್ವ ಎಲ್ರೂ ಒಟ್ಟಿಗೆ, ಮದುವೆಗಾ?" ಎಂದ.

"ಊಂ ಕನಪ್ಪ, ಬೀಗರೂಟಕ್ಕೆ" ಎಂದಳು ದೇವೀರಮ್ಮ.

ಬಸ್ಸಿನಲ್ಲಿ ದೊಡ್ಡವ್ವ ಒಂದೇ ಮಾತು ಹೇಳಿದಳು. "ನಾ ಪದ ಎತ್ತಿದ್ರೆ ನೀವ್ಯಾರೂ ಸೊಲ್ಲು ಕೊಡಬ್ಯಾಡಿ."

"ಅದ್ಯಾಕಕ್ಕ?" ಎಂದಳು ಅವ್ವ. "ಮತ್ಯಾಕೆ ಬಂದ್ವಿ ನಾವು?"

"ನೀವು ಕೊಟ್ರೆ ಇವತ್ತಿಗೆ ಆಯ್ತದೆ. ಸಂಜೆ ಬಸ್ಸಿಗೆ ನಾವು ಒಂಟೋಯ್ತೀವಿ. ನಾಳೆ ಅವಳಿಗೆ ಯಾರವ್ರೆ?"

ಕೋಮಲಕ್ಕನ ಮನೆ ಹೊಸ ಬಡಾವಣೆಯ ಬಾಡಿಗೆ ಸಾಲಿನಲ್ಲಿ. ತಾರಸಿ ಮನೆಗಳು, ಗೋಡೆಗಳು ಸೂರಿನವರೆಗೂ ಇದ್ದವು. ದೊಡ್ಡವ್ವ ಅದನ್ನೇ ಮೊದಲು ನೋಡಿದಳು. "ಸಂದೇ ಇಲ್ಲ ಕನಮ್ಮಿ" ಎಂದು ಅವ್ವನಿಗೆ ಹೇಳಿ, ಬೀದಿಯ ನಡುವೆಯೇ ನಿಂತಳು. ಜಗನ್ ಹೊರಗೆ ಬಂದ. ಹಿಂದೆ ಕೋಮಲಕ್ಕ, ಸೆರಗನ್ನು ತಲೆಯ ಮೇಲಿಂದ ಕಿವಿಗೆ ಎಳೆದುಕೊಂಡು.

"ಬನ್ನಿ ಅತ್ತೆ, ಬೀದೀಲಿ ಯಾಕೆ ನಿಂತ್ರಿ? ಕಾಫಿ ಕುಡ್ದು ಮಾತಾಡಾವ."

"ಮಾತಿಲ್ಲ ಕನಪ್ಪ. ಪದ ಅದೆ."

ಅವನಿಗೆ ಗೊತ್ತಿತ್ತು. ಮುಖ ಬಿಗಿಯಿತು. "ಇದು ನಿಮ್ಮೂರಲ್ಲ ಅತ್ತೆ. ಇಲ್ಲಿ ಯಾವ ಯಜಮಾನನೂ ಎಲೆ ತೊಟ್ಟು ಮುರಿದಿಲ್ಲ. ಸುಮ್ನೆ ಮರ್ಯಾದೆ ಕಳೀಬೇಡಿ."

"ಯಜಮಾನ ಇಲ್ದಿದ್ರೆ ಠಾಣೆ ಅದೆ. ಅಲ್ಲಿಗೂ ಓಯ್ತೀವಿ. ಮೊದ್ಲು ಇಲ್ಲಿ ಯೋಳ್ಬುಡ್ತೀನಿ."

ಓಲೆಯ ಕೊಟ್ಟೀವಿ ಕಿವಿ ಕೊಟ್ಟಿಲ್ಲ ಬೀಗ
ಓಲೆಯ ನಾವು ಕೇಳಾಕಿಲ್ಲ
ಓಲೆ ಇಟ್ಟ ಕಿವಿಯ ಏನ ಮಾಡಿದೆ ಬೀಗ
ಬೀದಿ ಕೇಳೋ ಹಂಗೆ ಯೋಳಯ್ಯ
ನಗು ಬೀಗ ನೀ ನಗು ಬೀಗ

ಅವಳ ದನಿಗೆ ವಯಸ್ಸಾಗಿತ್ತು. ಬೀದಿ ಸುಮ್ಮನಿತ್ತು. ಎಡಗಡೆಯ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಾಲ್ಕಾರು ಹೆಂಗಸರು ನಿಂತಿದ್ದರು. ನಮಗೆ ಗುರುತಿಲ್ಲದ ಮುಖಗಳು. ಅವ್ವನ ತುಟಿ ಅಲುಗಿತು. ನನ್ನ ಕೈ ಹಿಡಿದುಕೊಂಡು ತಡೆದುಕೊಂಡಳು. ದೇವೀರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿದಳು.

ಜಗನ್ ನಕ್ಕ. ಒಂಬತ್ತು ವರ್ಷದ ಹಿಂದೆ ಗೋಡೆಯ ಆಚೆಯಿಂದ ಕೇಳಿದ ನಗು.

"ಆಯ್ತಾ ಅತ್ತೆ? ಯಾರೂ ಕೊಡಲ್ಲ. ಟೌನು ಇದು."

ದೊಡ್ಡವ್ವ ಅವನನ್ನು ನೋಡಲೇ ಇಲ್ಲ. ಅದೇ ಪದವನ್ನು ಮೊದಲಿನಿಂದ ಎತ್ತಿದಳು, ಈ ಸಲ ಇನ್ನೂ ನಿಧಾನವಾಗಿ, ಒಂದೊಂದು ಮಾತನ್ನೂ ಎಳೆ ಪೈರಿನಂತೆ ಊರುತ್ತ. ಸೊಲ್ಲಿನವರೆಗೆ ಬಂದು, ಸೊಲ್ಲನ್ನು ಹೇಳಿ, ಬಾಯಿ ಮುಚ್ಚಿದಳು. ನಲ್ಲಿಯ ಕೆಳಗೆ ಒಂದು ಬಿಂದಿಗೆ ತುಂಬಿ ಹೊರಚೆಲ್ಲುತ್ತಿತ್ತು. ಅದನ್ನು ಇಟ್ಟಿದ್ದ ಹುಡುಗಿ, ನೈಟಿಯ ಮೇಲೆ ಟವೆಲ್ ಹೊದ್ದಿದ್ದವಳು, ಬಗ್ಗಿ ನಲ್ಲಿ ನಿಲ್ಲಿಸಿದಳು. ನಿಲ್ಲಿಸಿ, ಬಗ್ಗಿದಲ್ಲಿಂದಲೇ, ಪರೀಕ್ಷೆಯಲ್ಲಿ ಉತ್ತರ ಹೇಳುವವಳ ಹಾಗೆ, "ನಗು ಬೀಗ ನೀ ನಗು ಬೀಗ" ಎಂದಳು.

ಅವಳ ಪಕ್ಕದವಳು ತಿರುಗಿ ಅವಳನ್ನು ನೋಡಿದಳು. ಆಮೇಲೆ ಅವಳೂ ಹೇಳಿದಳು.

ಜಗನ್ ಬಾಗಿಲಿನ ಒಳಕ್ಕೆ ಒಂದು ಹೆಜ್ಜೆ ಸರಿದ.

ದೊಡ್ಡವ್ವ ಮುಂದೆ ನೋಡುತ್ತಲೇ ನಿಂತಿದ್ದಳು. ನಲ್ಲಿ ಇದ್ದದ್ದು ಎಡಕ್ಕೆ. ಅವಳಿಗೆ ಜೀರುಂಡೆ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಮೆಲ್ಲಗೆ, ಅವ್ವನಿಗಷ್ಟೇ ಕೇಳುವಂತೆ ಕೇಳಿದಳು:

"ಸೊಲ್ಲು ಬಂತಾ ವನಜಾಕ್ಷಿ?"

"ಬಂತು ಕನಕ್ಕ. ಎಡಗಡೆಯಿಂದ."

"ಎಷ್ಟು ಜನ?"

ಅವ್ವ ನಲ್ಲಿಯ ಕಡೆ ನೋಡಿದಳು. ಬಾಗಿಲಿನ ಕಡೆ ನೋಡಿದಳು. ಕೋಮಲಕ್ಕ ತಲೆಯ ಮೇಲಿನ ಸೆರಗು ತೆಗೆದು ಹೊಸಿಲು ದಾಟಿ ಬೀದಿಗೆ ಇಳಿಯುತ್ತಿದ್ದಳು. ಅವಳ ತುಟಿಯೂ ಅಲುಗುತ್ತಿತ್ತು.

"ಮೂರು" ಎಂದಳು ಅವ್ವ. "ತಡಿ, ಇನ್ನೂ ಬತ್ತಾ ಅವ್ರೆ."